ಎದೆಬಡಿತದ ತಾಳ ಮತ್ತು ಕೈಯ ಜೋಮು

ಈಚೆಗೆ ಹೊರದೇಶಕ್ಕೆ ಬಂದ ನೀವು, ಜೊತೆಗಿರುವ ತಂದೆಯವರ ಎದೆಬಡಿತ ತಾಳ ತಪ್ಪುತ್ತಿದೆಯೆಂದೂ, ವೈದ್ಯರು ಅದನ್ನು ಏಟ್ರಿಯಲ್ ಫಿಬ್ರಿಲೇಶನ್ ಎಂದು ಗುರುತಿಸಿ ವಯಸ್ಸಿನ ಕಾರಣ ಹೇಳಿದರೆಂದೂ ಬರೆದು, ಪರದೇಶದ ವೈದ್ಯರನ್ನು ಎಷ್ಟು ನಂಬಬಹುದೆಂದು ಕೇಳಿದ್ದೀರಿ. ಧಾರಾಳವಾಗಿ ನಂಬಬಹುದು. ಆದರೆ ದೇಶ ಬದಲಿಸಿದವರ ಕಡತ ಹೊಸ ಆಸ್ಪತ್ರೆಯಲ್ಲಿ ಮೊದಲ ಪುಟದಿಂದ ಶುರುವಾಗುತ್ತದೆ. ಹಿಂದಿನ ಪುಟಗಳನ್ನು ನಾವೇ ಒದಗಿಸಬೇಕು.

ನಾನು ಒದಗಿಸಿರಲಿಲ್ಲ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡು ಕೈ ಜೋಮು ಹಿಡಿಯುವ ಕಾರ್ಪಲ್ ಟನಲ್ ತೊಂದರೆಗೆ ನನ್ನ ಎರಡೂ ಕೈಗಳಿಗೆ ಶಸ್ತ್ರಚಿಕಿತ್ಸೆಯಾಗಿ ಏಳು ವರ್ಷಗಳ ನಂತರ ನನ್ನ ಬಡಿತ ಏರುಪೇರಾದಾಗ, ಕೈಗೂ ಹೃದಯಕ್ಕೂ ಎಲ್ಲಿಯ ನಂಟು ಎಂದುಕೊಂಡು ಹಳೆಯ ವಿಷಯ ಎತ್ತಲೇ ಇಲ್ಲ. ನಂಟು ಇತ್ತು. ಯಕೃತ್ತು ತಯಾರಿಸುವ ಟ್ರಾನ್ಸ್‌ಥೈರೆಟಿನ್ ಎಂಬ ಪ್ರೋಟೀನು ತನ್ನ ಮಡಿಕೆ ಕಳೆದುಕೊಂಡು, ಸಣ್ಣ ಎಳೆಗಳಾಗಿ ಮೊದಲು ಮಣಿಕಟ್ಟಿನಲ್ಲಿಯೂ ಕ್ರಮೇಣ ಹೃದಯದ ಗೋಡೆಯಲ್ಲಿಯೂ ಶೇಖರವಾಗುವುದು ಅಮೈಲಾಯ್ಡೋಸಿಸ್‌ನ ಒಂದು ಬಗೆ. ಈ ಶೇಖರಣೆ ಹೃದಯದ ಮೇಲಿನ ಕೋಣೆಗಳಿಗೂ ವಿದ್ಯುತ್ ಸಂಚಾರದ ಹಾದಿಗೂ ತಗುಲಿದಾಗ ಬಡಿತ ಅಡ್ಡಾದಿಡ್ಡಿಯಾಗುತ್ತದೆ, ಕೆಲವರಲ್ಲಿ ಪೇಸ್‌ಮೇಕರ್ ಬೇಕಾಗುವಷ್ಟು ನಿಧಾನವಾಗುತ್ತದೆ. ಏದುಸಿರು, ಕಾಲಿನ ಬಾವು ಇನ್ನೂ ಕಾಣಿಸಿಕೊಳ್ಳುವ ಮೊದಲೇ ಹೀಗಾಗಬಹುದು.

ಗಾಬರಿ ಬೇಡ: ಏಟ್ರಿಯಲ್ ಫಿಬ್ರಿಲೇಶನ್ ಇರುವ ಬಹುಪಾಲು ಜನರಿಗೆ ಈ ಕಾಯಿಲೆ ಇರುವುದಿಲ್ಲ. ಆದರೆ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ಹೃದಯದ ಗೋಡೆ ದಪ್ಪಗೆ ಕಂಡು, ಅದಕ್ಕೆ ತಕ್ಕಂತೆ ಇಸಿಜಿಯ ಅಲೆಗಳು ಎತ್ತರವಾಗಿರದಿದ್ದರೆ, ಅಥವಾ ವರ್ಷಗಟ್ಟಲೆ ಒಗ್ಗಿದ್ದ ರಕ್ತದೊತ್ತಡದ ಮಾತ್ರೆಯಿಂದ ಈಗ ತಲೆ ಸುತ್ತುತ್ತಿದ್ದರೆ, ಅಮೈಲಾಯ್ಡೋಸಿಸ್ ಇರಬಹುದೇ ಎಂದು ನೇರವಾಗಿ ಕೇಳಿ. ಕೇಳಿದರೆ ತಪ್ಪು ತಿಳಿಯುತ್ತಾರೆಂಬ ನಮ್ಮ ಸಂಕೋಚ ಅಲ್ಲಿ ನಷ್ಟದ ಬಾಬತ್ತು. ರಕ್ತ ಮತ್ತು ಮೂತ್ರದಲ್ಲಿ ಲೈಟ್ ಚೈನ್ ಪ್ರೋಟೀನಿನ ಪರೀಕ್ಷೆಯನ್ನು ಬಿಡಬಾರದು, ಏಕೆಂದರೆ ಆ ಪ್ರೋಟೀನಿನಿಂದಾಗುವ ಇನ್ನೊಂದು ಬಗೆಯ ಅಮೈಲಾಯ್ಡೋಸಿಸ್ ಬೇಗ ಉಲ್ಬಣಿಸುತ್ತದೆ ಮತ್ತು ಅದರ ಚಿಕಿತ್ಸೆಯೇ ಬೇರೆ. ಆ ಪರೀಕ್ಷೆಗಳಲ್ಲಿ ಏನೂ ಕಾಣದೆ, ಮೂಳೆಯ ಸ್ಕ್ಯಾನಿನಲ್ಲಿ ಹೃದಯ ಗಾಢವಾಗಿ ಹೊಳೆದರೆ, ಬಯಾಪ್ಸಿ ಇಲ್ಲದೆಯೂ ಟ್ರಾನ್ಸ್‌ಥೈರೆಟಿನ್ ಬಗೆಯೆಂದು ನಿರ್ಧರಿಸಬಹುದು.

2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟಫಾಮಿಡಿಸ್ ಎಂಬ ಔಷಧಿ ಟ್ರಾನ್ಸ್‌ಥೈರೆಟಿನ್ ಬಗೆಯ ಓಟವನ್ನು ನಿಧಾನಗೊಳಿಸುತ್ತದೆಯೇ ಹೊರತು ಈಗಾಗಲೇ ಕೆಟ್ಟ ಹೃದಯವನ್ನು ಮೊದಲಿನಂತೆ ಮಾಡುವುದಿಲ್ಲವಾದ್ದರಿಂದ, ಬೇಗ ಪತ್ತೆಯಾದಷ್ಟೂ ಉಪಯೋಗ ಹೆಚ್ಚು. ಈ ಕಾಯಿಲೆಯಲ್ಲಿ ಹೃದಯದೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು. ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಮುಂದಿನ ಭೇಟಿಗೆ ಮೊದಲು ತಂದೆಯವರನ್ನು ಕೂರಿಸಿಕೊಂಡು, ಈ ಕಾಯಿಲೆಯ ಮುನ್ಸೂಚನೆಗಳಾಗಬಲ್ಲ ಕೈಗಳ ಜೋಮು, ಬೆನ್ನುಹುರಿಯ ನಾಳ ಕಿರಿದಾದದ್ದು, ಪೆಟ್ಟಿಲ್ಲದೆ ತೋಳಿನ ಸ್ನಾಯುರಜ್ಜು ಹರಿದದ್ದು, ಇವುಗಳಲ್ಲಿ ಯಾವುದು ಯಾವ ವರ್ಷ ಆಯಿತೆಂದು ಕೇಳಿ, ಒಂದೇ ಹಾಳೆಯಲ್ಲಿ ಬರೆದು ಹೃದಯತಜ್ಞರ ಕೈಗೆ ಕೊಡಿ.