ಇಇಜಿ ನಾರ್ಮಲ್ ಇದ್ದರೂ ಫಿಟ್ಸ್ ಮಾತ್ರೆ ಯಾಕೆ?

ಪ್ರಶ್ನೆ: ತಮ್ಮನಿಗೆ 22 ವರ್ಷ. ಎರಡು ತಿಂಗಳ ಅಂತರದಲ್ಲಿ ಎರಡು ಸಲ ಪ್ರಜ್ಞೆ ತಪ್ಪಿ, ಕೈಕಾಲು ಸೆಟೆದು ಬಿದ್ದ. ಇಇಜಿ, ಎಂಆರ್‌ಐ ಎರಡೂ ನಾರ್ಮಲ್. ಆದರೂ ಡಾಕ್ಟರು ಫಿಟ್ಸ್ ಮಾತ್ರೆ ಬರೆದಿದ್ದಾರೆ. ರಿಪೋರ್ಟಿನಲ್ಲಿ ಏನೂ ಇಲ್ಲದ ಮೇಲೆ ಮಾತ್ರೆ ಯಾಕೆ?

ಉತ್ತರ: ಮೂರ್ಛೆ ರೋಗ ಹೌದೋ ಅಲ್ಲವೋ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಬಿದ್ದಾಗ ಏನೇನಾಯಿತು ಎಂಬ ವಿವರ, ರಿಪೋರ್ಟು ಅದಕ್ಕೆ ಪೂರಕ ಅಷ್ಟೇ. ಇಇಜಿ ಎಂದರೆ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಗೆರೆಗಳಾಗಿ ದಾಖಲಿಸುವ ಪರೀಕ್ಷೆ; ಅದನ್ನು ತೆಗೆಯುವುದು ಸಾಮಾನ್ಯವಾಗಿ 20–30 ನಿಮಿಷ. ಆ ಹೊತ್ತಿನಲ್ಲಿ ಮಿದುಳು ಶಾಂತವಾಗಿದ್ದರೆ ಗೆರೆಗಳೂ ಶಾಂತವಾಗಿಯೇ ಇರುತ್ತವೆ. ಮೂರ್ಛೆ ರೋಗ ಇರುವವರಲ್ಲೇ ಸುಮಾರು ಅರ್ಧದಷ್ಟು ಮಂದಿಗೆ ಮೊದಲ ಇಇಜಿಯಲ್ಲಿ ಏನೂ ಕಾಣುವುದಿಲ್ಲ. ಅನುಮಾನ ಉಳಿದರೆ, ಹಿಂದಿನ ರಾತ್ರಿ ನಿದ್ದೆಗೆಡಿಸಿ ಮತ್ತೊಮ್ಮೆ ತೆಗೆಯುತ್ತಾರೆ. ಎಂಆರ್‌ಐ ಹುಡುಕುವುದು ಕಾರಣವನ್ನು: ಹಳೆಯ ಪೆಟ್ಟಿನ ಕಲೆ, ಗೆಡ್ಡೆ, ಲಾಡಿಹುಳುವಿನ ಮರಿಯಿಂದಾದ ಗಂಟು, ಹುಟ್ಟಿನಿಂದಲೇ ಇರುವ ರಚನೆಯ ದೋಷ. ಇವ್ಯಾವುವೂ ಇಲ್ಲದೆಯೂ ಫಿಟ್ಸ್ ಬರುತ್ತದೆ.

ರಕ್ತದ ಸಕ್ಕರೆ ಕುಸಿದದ್ದು, ಸೋಡಿಯಂ ಇಳಿದದ್ದು, ಮಿದುಳಿನ ಸೋಂಕು, ನಿತ್ಯದ ಕುಡಿತವನ್ನು ಥಟ್ಟನೆ ನಿಲ್ಲಿಸಿದ್ದು ಮುಂತಾದ ತಕ್ಷಣದ ಕಾರಣವಿಲ್ಲದೆ, 24 ಗಂಟೆಗಿಂತ ಹೆಚ್ಚಿನ ಅಂತರದಲ್ಲಿ ಎರಡು ಸಲ ಫಿಟ್ಸ್ ಬಂದರೆ ಅದು ಮೂರ್ಛೆ ರೋಗ. ಒಂದೇ ಸಲ ಬಂದಿದ್ದರೂ, ಮರುಕಳಿಸುವ ಸಂಭವ ಹೆಚ್ಚೆಂದು ಪರೀಕ್ಷೆಗಳು ತೋರಿಸಿದರೆ ಆಗಲೂ ಚಿಕಿತ್ಸೆ ಶುರು ಮಾಡುತ್ತಾರೆ.

ಹಾಗಾಗಿ ತಮ್ಮ ಬಿದ್ದದ್ದನ್ನು ಕಣ್ಣಾರೆ ಕಂಡವರು ಡಾಕ್ಟರ ಮುಂದೆ ಕೂತಿದ್ದರೇ ಎಂಬುದು ನಾನು ಕೇಳುವ ಮೊದಲ ಪ್ರಶ್ನೆ. ಬರೀ ತಲೆಸುತ್ತಿ ಬಿದ್ದವರೂ ಫಿಟ್ಸ್ ಮಾತ್ರೆ ನುಂಗುತ್ತಿರುವುದುಂಟು. ಬವಳಿ ಬಂದು ಬೀಳುವವರಿಗೆ ಮೊದಲು ಬೆವರು, ಕಣ್ಣಿಗೆ ಕತ್ತಲೆ. ಮುಖ ಬಿಳಿಚುತ್ತದೆ, ಕೆಲವು ಸೆಕೆಂಡು ಕೈಕಾಲು ಅದುರಲೂಬಹುದು, ಆದರೆ ಮಲಗಿಸಿದ ಕೂಡಲೇ ಎಚ್ಚರ, ಮಾತು ಸ್ಪಷ್ಟ. ಫಿಟ್ಸ್‌ನಲ್ಲಿ ಕಣ್ಣು ತೆರೆದಿರುತ್ತದೆ, ತುಟಿ ನೀಲಿಗಟ್ಟುತ್ತದೆ, ನಾಲಿಗೆಯ ಬದಿ ಕಚ್ಚಿಹೋಗಿರುತ್ತದೆ. ಅದುರು ನಿಂತ ಮೇಲೂ ಹತ್ತಿಪ್ಪತ್ತು ನಿಮಿಷ ತಾನೆಲ್ಲಿದ್ದೇನೆಂದು ತಿಳಿಯುವುದಿಲ್ಲ. ಬಟ್ಟೆಯಲ್ಲೇ ಮೂತ್ರ ಹೋದದ್ದನ್ನು ಎಲ್ಲರೂ ದೊಡ್ಡ ಸಾಕ್ಷಿ ಎಂದುಕೊಳ್ಳುತ್ತಾರೆ, ಅದು ಎರಡರಲ್ಲೂ ಆಗುತ್ತದೆ. ಹೃದಯದ ಲಯ ತಪ್ಪಿಯೂ ಹೀಗೆ ಬೀಳುವುದುಂಟು; ಇಸಿಜಿ ಆಗಿರದಿದ್ದರೆ ಮೊದಲು ಮಾಡಿಸಿ.

ಇನ್ನೊಂದು ವಿಷಯವನ್ನು ತಮ್ಮನ ಬಳಿಯೇ ಕೇಳಿ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಭುಜ, ತೋಳು ಥಟ್ಟನೆ ಜಗ್ಗಿ ಬ್ರಷ್ಷೋ ಲೋಟವೋ ಕೈಯಿಂದ ಹಾರುತ್ತದೆಯೇ? ನಿದ್ದೆಗೆಟ್ಟ ಮರುದಿನ ಅದು ಹೆಚ್ಚೇ? ಕೈ ಜಾರಿತು ಎಂದುಕೊಂಡು ಇದನ್ನು ಯಾರೂ ಹೇಳುವುದಿಲ್ಲ. ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆಯ ಮೂರ್ಛೆ ರೋಗದ ಗುರುತು ಇದು. ಇದರಲ್ಲಿ ಕಾರ್ಬಮಜೆಪಿನ್ ಎಂಬ ಫಿಟ್ಸ್ ಮಾತ್ರೆ ಕೊಟ್ಟರೆ ಜಗ್ಗುವಿಕೆ ಹೆಚ್ಚಾಗಬಹುದು. ವಾಲ್ಪ್ರೊಯೇಟ್, ಲೆವೆಟಿರಾಸೆಟಮ್ ಒಗ್ಗುತ್ತವೆ. ಲೆವೆಟಿರಾಸೆಟಮ್ ಕೆಲವರಲ್ಲಿ ವಿಪರೀತ ಸಿಡುಕು ತರುತ್ತದೆ, ಅದನ್ನು ಸ್ವಭಾವ ಎಂದುಕೊಂಡು ಸುಮ್ಮನಾಗಬೇಡಿ.

ಪ್ರಶ್ನೆ: ಏಳು ವರ್ಷದ ಮಗಳು ಮಾತಿನ ನಡುವೆ ಇದ್ದಕ್ಕಿದ್ದಂತೆ ಸುಮ್ಮನಾಗಿ ಎತ್ತಲೋ ನೋಡುತ್ತಾಳೆ. ಪಾಠದ ಮೇಲೆ ಗಮನವಿಲ್ಲ ಎಂದು ಟೀಚರ್ ದೂರುತ್ತಾರೆ. ಇದೂ ಫಿಟ್ಸ್ ಇರಬಹುದೇ?

ಉತ್ತರ: ಇರಬಹುದು. ಯೋಚನೆಯಲ್ಲಿ ಮುಳುಗಿದ ಮಗು ಮುಟ್ಟಿದರೆ ತಿರುಗುತ್ತದೆ. ಇಲ್ಲಿ ಮುಟ್ಟಿದರೂ ಇಲ್ಲ. ರೆಪ್ಪೆ ಪಟಪಟನೆ ಅದುರಬಹುದು, ಹತ್ತು–ಹದಿನೈದು ಸೆಕೆಂಡಿಗೆ ಮುಗಿದು, ಏನೂ ಆಗದವಳಂತೆ ಮಾತು ಮುಂದುವರಿಸುತ್ತಾಳೆ. ದಿನಕ್ಕೆ ಹತ್ತಾರು ಸಲ ಬರುವುದುಂಟು. ಡಾಕ್ಟರು ಮಗುವಿಗೆ ಮೂರು ನಿಮಿಷ ಜೋರಾಗಿ, ಆಳವಾಗಿ ಉಸಿರಾಡಲು ಹೇಳುತ್ತಾರೆ. ಈ ರೋಗವಿದ್ದರೆ ಬಹುಮಟ್ಟಿಗೆ ಅವರ ಕಣ್ಣೆದುರೇ ಬರುತ್ತದೆ. ಮೇಲೆ ಇಇಜಿಯನ್ನು ಅಷ್ಟು ನಂಬಬೇಡಿ ಎಂದೆ, ಇಲ್ಲಿ ಮಾತ್ರ ಅದು ಸಾಮಾನ್ಯವಾಗಿ ಕೈಕೊಡುವುದಿಲ್ಲ: ಸೆಕೆಂಡಿಗೆ ಮೂರರಂತೆ ಮೊನಚು ಅಲೆಗಳು ಕಾಣುತ್ತವೆ. ಎಥೊಸಕ್ಸಿಮೈಡ್ ಇದಕ್ಕೆ ಮೊದಲ ಆಯ್ಕೆ. ಬಹಳಷ್ಟು ಮಕ್ಕಳಲ್ಲಿ ಹದಿಹರೆಯದ ಹೊತ್ತಿಗೆ ಹೋಗಿಬಿಡುತ್ತದೆ.

ಪ್ರಶ್ನೆ: ಫಿಟ್ಸ್ ಬಂದಾಗ ಹಲ್ಲು ಕಚ್ಚದಂತೆ ಬಾಯಿಗೆ ಚಮಚ ಇಡಬೇಕೇ?

ಉತ್ತರ: ಬೇಡ. ಹಲ್ಲು ಮುರಿದು ಶ್ವಾಸನಾಳಕ್ಕೆ ಹೋಗಬಹುದು, ನಿಮ್ಮ ಬೆರಳಿಗೂ ಕಚ್ಚಿ ಗಾಯವಾಗಬಹುದು. ನಾಲಿಗೆಯನ್ನು ಯಾರೂ ನುಂಗಲಾರರು. ಮೊದಲು ಗಡಿಯಾರ ನೋಡಿ. ಚೂಪಾದ ಸಾಮಾನು ದೂರ ಸರಿಸಿ, ತಲೆಯಡಿ ಮೆತ್ತಗಿನದೇನಾದರೂ ಇಡಿ, ಕುತ್ತಿಗೆಯ ಬಟ್ಟೆ ಸಡಿಲಿಸಿ, ಅದುರು ನಿಲ್ಲುತ್ತಿದ್ದಂತೆ ಮಗ್ಗುಲಿಗೆ ಹೊರಳಿಸಿ. ಕೈಕಾಲು ಅದುಮಿ ಹಿಡಿಯಬಾರದು. ಪೂರ್ತಿ ಎಚ್ಚರವಾಗುವ ತನಕ ನೀರೂ ಬೇಡ. ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ಮುಖ, ಕಣ್ಣು, ಕೈಕಾಲು ಎಲ್ಲ ಕಾಣುವಂತೆ ವಿಡಿಯೊ ಮಾಡಲಿ.

ಹೆಚ್ಚಿನವು ಎರಡು–ಮೂರು ನಿಮಿಷಕ್ಕೆ ತಾನಾಗಿ ನಿಲ್ಲುತ್ತವೆ. ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೆ ಬಂದರೆ, ಗರ್ಭಿಣಿಯಾಗಿದ್ದರೆ, ನೀರಿನಲ್ಲಿ ಬಂದಿದ್ದರೆ, ಪೆಟ್ಟಾಗಿದ್ದರೆ ಅಥವಾ ಇದೇ ಮೊದಲ ಸಲವಾಗಿದ್ದರೆ ಆಂಬುಲೆನ್ಸ್ ಕರೆಯಿರಿ. ಡಾಕ್ಟರು ಮಿಡಾಜೊಲಾಮ್ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದರೆ ಐದನೇ ನಿಮಿಷಕ್ಕೆ ಹಾಕಿ. ಡೋಸ್ ತೂಕದ ಮೇಲೆ ಹೋಗುವುದರಿಂದ ಬೇರೆಯವರ ಸ್ಪ್ರೇ ಬಳಸಬಾರದು.

ಪ್ರಶ್ನೆ: ನನಗೆ 27 ವರ್ಷ. ವಾಲ್ಪ್ರೊಯೇಟ್ ತಗೊಳ್ಳುತ್ತಿದ್ದೇನೆ, ಮೂರು ವರ್ಷದಿಂದ ಫಿಟ್ಸ್ ಬಂದಿಲ್ಲ. ಮಗು ಬೇಕೆಂದಿದ್ದೇವೆ. ಮಾತ್ರೆ ಬಿಟ್ಟುಬಿಡಲೇ?

ಉತ್ತರ: ನೀವಾಗಿಯೇ ಬಿಡಬೇಡಿ, ಹಾಗೆಂದು ಇದೇ ಮಾತ್ರೆಯಲ್ಲಿ ಗರ್ಭಿಣಿಯಾಗಲೂಬೇಡಿ. ಗರ್ಭದಲ್ಲಿ ವಾಲ್ಪ್ರೊಯೇಟ್ ತಗುಲಿದ 10 ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಅಂಗದೋಷ, 3–4 ಮಕ್ಕಳಿಗೆ ಮಾತು, ಕಲಿಕೆ, ಬೆಳವಣಿಗೆಯ ತೊಂದರೆ ಆಗುತ್ತದೆ. ಥಟ್ಟನೆ ಬಿಟ್ಟರೆ ಫಿಟ್ಸ್ ನಿಲ್ಲದೇ ಬಂದು ಜೀವಕ್ಕೇ ಅಪಾಯ. ಹಾಗಾಗಿ ಗರ್ಭನಿರೋಧಕ ಮುಂದುವರಿಸುತ್ತಲೇ ನರರೋಗ ತಜ್ಞರಲ್ಲಿ ಮಾತ್ರೆ ಬದಲಿಸಿಕೊಳ್ಳಿ. ಲೆವೆಟಿರಾಸೆಟಮ್ ಅಥವಾ ಲಾಮೊಟ್ರಿಜಿನ್ ಕಡೆಗೆ ಹೋಗುತ್ತಾರೆ. ವಾಲ್ಪ್ರೊಯೇಟ್ ರಕ್ತದಲ್ಲಿ ಲಾಮೊಟ್ರಿಜಿನ್ ಪ್ರಮಾಣವನ್ನು ಸುಮಾರು ದುಪ್ಪಟ್ಟು ಮಾಡುವುದರಿಂದ, ಜೊತೆಗೆ ಶುರು ಮಾಡುವಾಗ 25 ಮಿ.ಗ್ರಾಂ. ದಿನ ಬಿಟ್ಟು ದಿನ. ಅವಸರ ಮಾಡಿದರೆ ಮೈಮೇಲೆ ಅಪಾಯಕಾರಿ ಗುಳ್ಳೆ ಏಳಬಹುದು. ಗುಳ್ಳೆ ಕಂಡ ದಿನವೇ ಡಾಕ್ಟರನ್ನು ಕಾಣಿ. ಈ ಬದಲಾವಣೆಗೆ ತಿಂಗಳುಗಳೇ ಹಿಡಿಯುತ್ತವೆ. ಫೋಲಿಕ್ ಆಮ್ಲವನ್ನು ಗರ್ಭ ನಿಲ್ಲುವ ಮೊದಲೇ ಶುರು ಮಾಡಿ. ಗರ್ಭಿಣಿಯರಲ್ಲಿ ಲಾಮೊಟ್ರಿಜಿನ್ ಬೇಗ ದೇಹದಿಂದ ಹೊರಹೋಗುವುದರಿಂದ ಡೋಸ್ ಏರಿಸಿ, ಹೆರಿಗೆಯ ನಂತರ ಇಳಿಸಬೇಕಾಗುತ್ತದೆ. ಮೊಲೆಹಾಲು ಸಾಮಾನ್ಯವಾಗಿ ಕೊಡಬಹುದು.

ಎರಡು ವರ್ಷ ಫಿಟ್ಸ್ ಇಲ್ಲದಿದ್ದರೆ ಪೂರ್ತಿ ನಿಲ್ಲಿಸುವ ಮಾತು ಆಡಬಹುದು, ಆದರೆ ಅದು ರೋಗದ ಬಗೆಯ ಮೇಲೆ ನಿಂತಿದೆ. ಬೆಳಗಿನ ಜಗ್ಗುವಿಕೆಯ ಬಗೆ ನಿಮ್ಮದಾಗಿದ್ದರೆ, ನಿಲ್ಲಿಸಿದವರಲ್ಲಿ ಬಹಳ ಮಂದಿಗೆ ಮರಳಿ ಬರುತ್ತದೆ.

ಪ್ರಶ್ನೆ: ಎರಡು ಬಗೆಯ ಮಾತ್ರೆ ತಗೊಂಡರೂ ಅಣ್ಣನಿಗೆ ತಿಂಗಳಿಗೆ ಮೂರ್ನಾಲ್ಕು ಸಲ ಬರುತ್ತದೆ. ಮುಂದೇನು?

ಉತ್ತರ: ಮೊದಲು ಮಾತ್ರೆ ತಪ್ಪುತ್ತಿಲ್ಲವೇ ನೋಡಿ. ರೋಗದ ಬಗೆಗೆ ತಕ್ಕ ಎರಡು ಔಷಧ ಸರಿಯಾದ ಡೋಸಿನಲ್ಲಿ ಸೋತ ಮೇಲೆ ಮೂರನೆಯದು ಗೆಲ್ಲುವ ಸಂಭವ ಬಹಳ ಕಡಿಮೆ. ಆಗ ಆಸ್ಪತ್ರೆಯಲ್ಲಿ ಕೆಲವು ದಿನ ಇರಿಸಿಕೊಂಡು ಮಾಡುವ ವಿಡಿಯೊ ಇಇಜಿ ಬೇಕು. ಇದು ನಿಜಕ್ಕೂ ಮೂರ್ಛೆ ರೋಗವೇ, ಫಿಟ್ಸ್ ಮಿದುಳಿನ ಒಂದೇ ಜಾಗದಿಂದ ಏಳುತ್ತಿದೆಯೇ ಎಂಬುದು ಅದರಿಂದ ತಿಳಿಯುತ್ತದೆ. ಕಿವಿಯ ಬಳಿಯ ಟೆಂಪೊರಲ್ ಭಾಗದಲ್ಲಿ ಕಲೆಯಿದ್ದು ಅಲ್ಲಿಂದಲೇ ಏಳುತ್ತಿದ್ದರೆ, ಶಸ್ತ್ರಚಿಕಿತ್ಸೆಯಿಂದ ಅರ್ಧಕ್ಕಿಂತ ಹೆಚ್ಚು ಮಂದಿಗೆ ಪ್ರಜ್ಞೆ ತಪ್ಪಿಸುವ ಫಿಟ್ಸ್ ನಿಲ್ಲುತ್ತದೆ. ಅದಕ್ಕಾಗಿ ವರ್ಷಗಟ್ಟಲೆ ಕಾಯಬೇಕಿಲ್ಲ, ಈಗಲೇ ಕೇಳಿ.