ಹಳೆ ಡೀಸೆಲ್ ಪಿಕಪ್ ಕರಿಹೊಗೆ ಬಿಡುತ್ತಿದ್ದರೆ: ಪಂಪಿಗೆ ಕೈ ಹಚ್ಚುವ ಮೊದಲು

ನೀವು ಕೇಳಿದ್ದು ಇಷ್ಟು: 2009ರ ಪಿಕಪ್, 2.5 ಲೀಟರ್ ಡಿಐ (ಸಿಲಿಂಡರಿಗೇ ನೇರ ಡೀಸೆಲ್ ಚಿಮ್ಮಿಸುವ) ಎಂಜಿನ್, ಗಾಳಿ ಒತ್ತಿ ತುಂಬುವ ಟರ್ಬೊ ಇದೆ, ಕಾಮನ್ ರೇಲ್ (ಕಂಪ್ಯೂಟರ್ ಹಿಡಿತದ ಹೈ ಪ್ರೆಶರ್ ವ್ಯವಸ್ಥೆ) ಅಲ್ಲ, ಡೀಸೆಲ್ ಅಳೆದು ಕೊಡುವ ಮೆಕ್ಯಾನಿಕಲ್ ಪಂಪು. ಗದಗಿನಿಂದ ಉಳ್ಳಾಗಡ್ಡಿ ಹೇರಿಕೊಂಡು ಅಂಕೋಲಾಕ್ಕೆ ಹೋಗುತ್ತೀರಿ. ವಾಪಸ್ ಬರುವಾಗ ಅರಬೈಲ್ ಘಾಟ್ ಏರುವಲ್ಲಿ ಹಿಂದಿನ ಗಾಡಿ ಕಾಣದಷ್ಟು ಕರಿಹೊಗೆ, ಆವರೇಜ್ 13ರಿಂದ 9ಕ್ಕೆ ಬಿದ್ದಿದೆ. ಗ್ಯಾರೇಜಿನವರು "ಡೀಸೆಲ್ ಜಾಸ್ತಿ ಹೊಂಟದ, ಪಂಪ್ ಬಿಚ್ಚಬೇಕು" ಅಂದಿದ್ದಾರೆ. ಬಿಚ್ಚಿಸಲೋ ಬೇಡವೋ?

ಈಗಲೇ ಬೇಡ್ರಿ. ಪಂಪ್ ಸವೆದರೆ ಒಳಗೆ ಲೀಕ್ ಆಗಿ ಡೀಸೆಲ್ ಸಾಮಾನ್ಯವಾಗಿ ಕಡಿಮೆ ಆಗುತ್ತದೆ, ಹೆಚ್ಚಾಗುವುದಿಲ್ಲ. ನಿಜವಾಗಿಯೂ ಹೆಚ್ಚಾಗಿದ್ದರೆ ಯಾರೋ ಸ್ಕ್ರೂ ತಿರುವಿರಬೇಕು. ಪಂಪಿನ ಮ್ಯಾಕ್ಸಿಮಮ್ ಫ್ಯೂಯೆಲ್ ಸ್ಕ್ರೂಗೆ ತಂತಿ ಕಟ್ಟಿ ಸೀಸದ ಸೀಲ್ ಒತ್ತಿರುತ್ತಾರೆ. ಆ ಸೀಲ್ ಹಾಗೇ ಇದ್ದರೆ ಪಂಪನ್ನು ಸದ್ಯಕ್ಕೆ ಮರೆತುಬಿಡಿ, ಗಾಳಿಯ ದಾರಿ ಹಿಡಿಯಿರಿ.

ಯಾಕೆಂದರೆ ಡೀಸೆಲ್‌ನಲ್ಲಿ "ರಿಚ್" (ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚು) ಅನ್ನುವುದೇ ಬೇರೆ. ಪೆಟ್ರೋಲ್ ಎಂಜಿನ್ 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಅನ್ನುವ ಲೆಕ್ಕದ ಆಸುಪಾಸಿನಲ್ಲೇ ಓಡುತ್ತದೆ. ಡೀಸೆಲ್ ಯಾವಾಗಲೂ ಹೆಚ್ಚಿನ ಗಾಳಿಯಲ್ಲಿ ಉರಿಯಬೇಕು. ಫುಲ್ ಲೋಡಿನಲ್ಲಿ ಒಂದು ಗ್ರಾಂ ಡೀಸೆಲ್‌ಗೆ ಸುಮಾರು 20 ಗ್ರಾಂ ಗಾಳಿ ಇರಲಿ, ಅದಕ್ಕಿಂತ ಕೆಳಗೆ ಹೋದಂತೆ ಮಸಿ ಶುರು. ನಿಮ್ಮ ಪಂಪಿಗೋ ಫಿಲ್ಟರಿನಲ್ಲಿ ಗಾಳಿ ಎಷ್ಟು ಬಂತೆಂದು ನೋಡುವ ಕಣ್ಣಿಲ್ಲ. ಕಾಲು ತುಳಿದಷ್ಟು ಡೀಸೆಲ್ ಕೊಟ್ಟುಬಿಡುತ್ತದೆ. ಗಾಳಿ ಐದನೇ ಒಂದು ಪಾಲು ತಪ್ಪಿದರೆ ಸಾಕು, ಪಂಪ್ ಕೆಟ್ಟಂತೆಯೇ ಕಾಣುತ್ತದೆ.

ಮೊದಲು ಹೊಗೆ ಯಾವಾಗ ಬರುತ್ತದೆ ನೋಡಿ. ರೇಸ್ ಕೊಟ್ಟ ಕೂಡಲೇ ಒಂದು ಬುಸ್ ಅಂದು ತಿಳಿಯಾದರೆ ಹಳೆ ಟರ್ಬೊ ಗಾಡಿಗೆ ಅದು ಸಹಜ. ಅಣ್ಣಿಗೇರಿ ಕಡೆಯ ಸಪಾಟು ರೋಡಿನಲ್ಲಿ ಗಪ್ ಇದ್ದು ಏರಿನಲ್ಲಿ ಮಾತ್ರ ಬಿಡದೆ ಉಗುಳಿದರೆ ಗಾಳಿ ಸಾಲುತ್ತಿಲ್ಲ. ನಿಂತಾಗಲೂ ಹೊಗೆ, ಜೊತೆಗೆ ಟಕ್ ಟಕ್ ಅನ್ನುವ ನಾಕಿಂಗ್ ಇದ್ದರೆ ನಾಝಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಮೇಲೆ ಅನುಮಾನ. ಸೈಲೆನ್ಸರ್ ಬಾಯಿಗೆ ಬಿಳಿ ಬಟ್ಟೆ ಹಿಡಿಯಿರಿ: ಒಣ ಮಸಿ ಹತ್ತಿದರೆ ಈ ಉತ್ತರ ನಿಮಗೇ. ಜಿಡ್ಡು ಹತ್ತಿ ಹೊಗೆ ನೀಲಿ ಇದ್ದರೆ ಆಯಿಲ್ ಉರಿಯುತ್ತಿದೆ, ಅದು ಬೇರೆ ಕಥೆ.

ಏರ್ ಫಿಲ್ಟರ್ ಎಲ್ಲರೂ ನೋಡುತ್ತಾರೆ, ಆದರೆ ಅರ್ಧ ನೋಡುತ್ತಾರೆ. ನಮ್ಮ ಎರೆಮಣ್ಣಿನ ಧೂಳು ಹಿಟ್ಟಿನಂತೆ ಸಣ್ಣದು. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ನಿಂತು ಬಂದ ಗಾಡಿಯಾದರೆ ಮೆಣಸಿನಕಾಯಿ ಹೊಟ್ಟೂ ಸೇರಿರುತ್ತದೆ. ಎಲಿಮೆಂಟ್ (ಫಿಲ್ಟರಿನ ಕಾಗದದ ಸುರುಳಿ) ಒಳಗೆ ಬಲ್ಬ್ ಇಟ್ಟು ನೋಡಿದಾಗ ಸುತ್ತಲೂ ಬೆಳಕು ಕಾಣಬೇಕು. ಊದಿಸುವುದಾದರೆ ಒಳಗಿನಿಂದ ಹೊರಕ್ಕೆ, 30 ಪಿಎಸ್‌ಐ ಮೀರದಂತೆ. ಪಂಕ್ಚರ್ ಅಂಗಡಿಯ ಪೂರ್ತಿ ಪ್ರೆಶರ್ ಬಿಟ್ಟರೆ ಕಾಗದ ಹರಿದು ಧೂಳು ನೇರ ಟರ್ಬೊಗೆ ಹೋಗುತ್ತದೆ. ಫಿಲ್ಟರ್ ತೆಗೆದಿಟ್ಟು ಟ್ರಯಲ್ ಹೊಡೆಯುವುದಂತೂ ಬೇಡವೇ ಬೇಡ. ಫಿಲ್ಟರಿನಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸನ್ನೂ ಬಿಚ್ಚಿ ಒಳಗೆ ಬೆರಳು ಆಡಿಸಿ. ಹಳೆ ಹೋಸಿನ ಒಳಪದರ ಬಿಟ್ಟುಕೊಂಡು, ಎಂಜಿನ್ ಎಳೆದಾಗ ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಚಲೋನೇ ಇರುತ್ತದೆ.

ಆಮೇಲೆ ಟರ್ಬೊದಿಂದ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ವರೆಗಿನ ಹೋಸು. ನಿಮ್ಮ ಲಕ್ಷಣಕ್ಕೆ ನನ್ನ ಮೊದಲ ಅನುಮಾನ ಇದರ ಮೇಲೇ. ಅಡಿಯಲ್ಲಿ ಬಿಟ್ಟ ಸೀಳು ಐಡಲ್‌ನಲ್ಲಿ ಕಾಣುವುದಿಲ್ಲ, ಬೂಸ್ಟ್ (ಟರ್ಬೊ ಒತ್ತುವ ಗಾಳಿಯ ಪ್ರೆಶರ್) ಏರಿದಾಗ ಮಾತ್ರ ಬಾಯಿ ತೆರೆಯುತ್ತದೆ. ಕ್ಲಿಪ್ಪಿನ ಬದಿಯಲ್ಲಿ ಆಯಿಲ್ ಧೂಳಿನ ಕಪ್ಪು ಗೆರೆ ಇದ್ದರೆ ಅಲ್ಲೇ ಲೀಕ್. ಖಾತ್ರಿ ಮಾಡಿಕೊಳ್ಳಲು ಟರ್ಬೊದ ಗಾಳಿ ಎಳೆಯುವ ಬಾಯಿಗೆ ಅಳತೆಯ ಪಿವಿಸಿ ಎಂಡ್ ಕ್ಯಾಪ್ ಕೂರಿಸಿ, ಅದಕ್ಕೆ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಹಾಕಿ, ಎಂಜಿನ್ ಬಂದ್ ಇಟ್ಟು 8ರಿಂದ 10 ಪಿಎಸ್‌ಐ ಗಾಳಿ ತುಂಬಿ. ಅದಕ್ಕೂ ಹೆಚ್ಚು ತುಂಬಿದರೆ ಆಯಿಲ್ ಸೀಲ್‌ಗಳಿಗೆ ತೊಂದರೆ. ಸೋಪಿನ ನೀರು ಸವರುತ್ತ ಹೋಗಿ, ಗುಳ್ಳೆ ಎದ್ದಲ್ಲಿ ತೂತು. ಆಯಿಲ್ ಹಾಕುವ ಬಾಯಿಯಿಂದ ಸ್ವಲ್ಪ ಸುಸ್ ಅಂದರೆ ಹೆದರಬೇಡಿ, ಅದು ರಿಂಗ್ ಸಂದಿಯಿಂದ ಬರುವ ಗಾಳಿ. ಹೋಸಿಗೆ ಟೇಪ್ ಸುತ್ತಿ ಘಾಟ್ ಏರಲು ಹೋಗಬೇಡಿ, ನಿಲ್ಲುವುದಿಲ್ಲ. ಹೊಸ ಹೋಸು, ಹೊಸ ಕ್ಲಿಪ್ಪು.

ಇಲ್ಲೊಂದು ಸೂಕ್ಷ್ಮ. ಕೆಲವು ಪಂಪಿನ ತಲೆಯ ಮೇಲೆ ಡಯಾಫ್ರಾಮ್ (ಗಾಳಿಯ ಒತ್ತಡಕ್ಕೆ ಬಾಗುವ ತೆಳು ಪೊರೆ) ಇರುತ್ತದೆ, ಮ್ಯಾನಿಫೋಲ್ಡ್‌ನಿಂದ ಸಣ್ಣ ಪೈಪ್ ಅಲ್ಲಿಗೆ ಬರುತ್ತದೆ. ಬೂಸ್ಟ್ ಕಡಿಮೆಯಾದರೆ ಅದು ಡೀಸೆಲ್ಲನ್ನೂ ಕಡಿಮೆ ಮಾಡುತ್ತದೆ. ಆಗ ಗಾಡಿ ಎಳೆಯುವುದಿಲ್ಲ, ಹೊಗೆಯೂ ಬರುವುದಿಲ್ಲ. ನಿಮ್ಮದರಲ್ಲಿ ಡಯಾಫ್ರಾಮ್ ಇದ್ದೂ, ಬೂಸ್ಟ್ ಇಲ್ಲದಿದ್ದರೂ ಹೊಗೆ ಬರುತ್ತಿದ್ದರೆ ಅದರ ಸೆಟ್ಟಿಂಗ್ ಮೇಲೆ ಯಾರೋ ಕೈಯಾಡಿಸಿದ್ದಾರೆ.

ಟರ್ಬೊ ಶಾಫ್ಟನ್ನು ಎಂಜಿನ್ ತಣ್ಣಗಿದ್ದಾಗ ಬೆರಳಿನಿಂದ ತಿರುಗಿಸಿ. ಅಡ್ಡಕ್ಕೆ ತುಸು ಆಟ ಇದ್ದೇ ಇರುತ್ತದೆ. ಹಿಂದೆ ಮುಂದೆ ಆಡಿದರೆ ಅಥವಾ ಬ್ಲೇಡ್ ಗೋಡೆಗೆ ಉಜ್ಜಿದ ಗುರುತಿದ್ದರೆ ಟರ್ಬೊ ಕೆಲಸ ಬಂತು. ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸುವ ವಾಲ್ವ್) ಇದ್ದರೆ ಮಸಿ ಕಟ್ಟಿ ತೆರೆದೇ ನಿಂತಿರಬಹುದು. ವ್ಯಾಕ್ಯೂಮ್ ಪೈಪ್ ಕಿತ್ತು ನೋಡಿದರೆ ಸಾಲದು, ವಾಲ್ವ್ ಬಿಚ್ಚಿ ಕಣ್ಣಾರೆ ನೋಡಿ ತೊಳೆಯಿರಿ.

ಗಾಳಿಯ ಕಡೆ ಎಲ್ಲಾ ಸರಿ ಇದ್ದರೆ ನಾಝಲ್. ಐಡಲ್‌ನಲ್ಲಿ ಒಂದೊಂದೇ ಹೈ ಪ್ರೆಶರ್ ಪೈಪಿನ ನಟ್ಟನ್ನು ಬಟ್ಟೆ ಸುತ್ತಿ ಅರ್ಧ ಸುತ್ತು ಸಡಿಲಿಸಿ. ಎಂಜಿನ್ ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ. ಏನೂ ಬದಲಾಗದಿದ್ದರೆ ಮೈಗಳ್ಳ ಅದೇ. ನಾಕಿಂಗ್ ಮತ್ತು ಹೊಗೆ ಎರಡೂ ನಿಂತರೆ ಆ ನಾಝಲ್ ಕೆಟ್ಟಿದೆ. ಕನ್ನಡಕ ಇರಲಿ, ಚಿಮ್ಮಿದ ಡೀಸೆಲ್ ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬೀಳದಿರಲಿ. ಕಾಮನ್ ರೇಲ್ ಗಾಡಿಯಲ್ಲಿ ಈ ಪರೀಕ್ಷೆ ಮಾಡಲೇಬಾರದು, ಅಲ್ಲಿನ ಪ್ರೆಶರ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಬಿಚ್ಚಿದ ನಾಝಲ್‌ಗಳನ್ನು ಡೀಸೆಲ್ ಲ್ಯಾಬಿನ ಟೆಸ್ಟರಿಗೆ ಹಾಕಿಸಿ, ಪಕ್ಕದಲ್ಲೇ ನಿಂತು ನೋಡಿ. ಪ್ರತಿ ತೂತಿನಿಂದಲೂ ಮಂಜಿನಂತೆ ಸಮನಾಗಿ ಬರಬೇಕು, ಒಂದು ಕಡೆ ದಾರದಂತೆ ಬಂದರೆ ಕೆಟ್ಟಿದೆ. ತೆರೆಯುವ ಪ್ರೆಶರಿಗಿಂತ 20 ಬಾರ್ ಕೆಳಗೆ 10 ಸೆಕೆಂಡ್ ಹಿಡಿದಾಗ ತುದಿಯಿಂದ ಹನಿ ಉದುರಬಾರದು. ಮರಳಿ ಕೂರಿಸುವಾಗ ತಾಮ್ರದ ವಾಷರ್ ಹೊಸದು, ಅದೇ ದಪ್ಪದ್ದು, ಒಂದೇ ಒಂದು. ಹಳೆಯದು ಒಳಗೇ ಅಂಟಿಕೊಂಡಿದ್ದು ಗೊತ್ತಾಗದೆ ಮೇಲೊಂದು ಹಾಕುವುದು ಬಹಳ ನಡೆಯುತ್ತದೆ. ಆಗ ನಾಝಲ್ ತುದಿ ಮೇಲೆ ಉಳಿದು ಸ್ಪ್ರೇ ಪಿಸ್ಟನ್ ಗುಂಡಿಯ ಬದಲು ಬೇರೆಲ್ಲೋ ಬಡಿಯುತ್ತದೆ, ಹೊಸ ನಾಝಲ್ ಹಾಕಿದರೂ ಹೊಗೆ ಹೋಗುವುದಿಲ್ಲ.

ಇದಕ್ಕೂ ಬಗ್ಗದಿದ್ದರೆ ಟ್ಯಾಪೆಟ್ (ವಾಲ್ವುಗಳ ಸಂದು), ಪಂಪ್ ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು), ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ), ಈ ಕ್ರಮದಲ್ಲಿ ನೋಡಿ. ಆವರೇಜ್ ವಿಷಯಕ್ಕೆ ಇನ್ನೊಂದು: ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಒಂದು ಮಾತ್ರ ಸುಡುತ್ತಿದ್ದರೆ ಬ್ರೇಕ್ ಹಿಡಿದಿದೆ. ವಾಪಸ್ ಬರುವಾಗ ಹೇರುವ ಲೋಡನ್ನೂ ಲೆಕ್ಕ ಹಾಕಿ. 50 ಕಿಲೋದ 24 ಚೀಲಕ್ಕೇ 12 ಕ್ವಿಂಟಲ್ ಆಯಿತು; 40 ಚೀಲ ಹೇರಿ ಘಾಟ್ ಏರಿಸಿದರೆ ಹೊಗೆ ಬರದೆ ಮತ್ತೇನು ಬಂದೀತು?

ಕೆಲಸ ಶುರು ಮಾಡುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಪಿಯುಸಿ ಸೆಂಟರಿನಲ್ಲಿ ಸ್ಮೋಕ್ ರೀಡಿಂಗ್ ತೆಗೆಸಿ. ಬಿಎಸ್-4 ಅನ್ನುವ ಹೊಗೆ ನಿಯಮಕ್ಕಿಂತ ಹಳೆಯ ಡೀಸೆಲ್ ಗಾಡಿಗೆ ಮಿತಿ, ಹೊಗೆಯ ದಟ್ಟಣೆ ಅಳೆಯುವ ಮಾನದಲ್ಲಿ, 65 ಹಾರ್ಟ್‌ರಿಜ್. ಲೋಡ್ ಇಲ್ಲದೆ ರೇಸ್ ಕೊಟ್ಟು ಅಳೆಯುವುದರಿಂದ ಘಾಟಿನ ಹೊಗೆ ಪೂರ್ತಿ ಅದರಲ್ಲಿ ಕಾಣುವುದಿಲ್ಲ, ಆದರೂ ಮೊದಲು ಎಷ್ಟಿತ್ತು, ಈಗ ಎಷ್ಟು ಅನ್ನುವುದು ಕೈಯಲ್ಲಿರುತ್ತದೆ. ಕಡೆಗೂ ಪಂಪ್ ಬಿಚ್ಚಲೇಬೇಕಾಗಿ ಬಂದರೆ ಗಾಡಿಯ ಮೇಲೇ ಸ್ಕ್ರೂ ತಿರುವಲು ಬಿಡಬೇಡಿ. ಕ್ಯಾಲಿಬ್ರೇಶನ್ ಬೆಂಚಿಗೆ ಕೊಟ್ಟು, ಪ್ರತಿ ಲೈನಿಗೆ ಎಷ್ಟು ಸಿಸಿ ಬಂತೆಂದು ಚೀಟಿ ಬರೆಸಿಕೊಂಡು, ಹೊಸ ಸೀಲ್ ಒತ್ತಿಸಿಕೊಂಡೇ ದುಡ್ಡು ಕೊಡಿ.