ಸ್ಪಾರ್ಕ್ ಪ್ಲಗ್ ಮನೆಯಲ್ಲೇ ಬದಲಿಸಬಹುದೇ?

ಪ್ರಶ್ನೆ: ಮನೆ ಮಲ್ಪೆ ಕಡಲ ಪಕ್ಕ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು ಅಂಗಳದ ಹಲಸಿನ ಮರದಡಿ ನಿಲ್ಲುತ್ತದೆ. ಮಳೆ ಹಿಡಿದಾಗಿನಿಂದ ಬೆಳಿಗ್ಗೆ ಎಂಜಿನ್ ನಡುಗುತ್ತಿದೆ. ಪ್ಲಗ್ ಹಾಕಿಸಿ 45,000 ಕಿಲೋಮೀಟರ್ ಆಯಿತು. ನಾನೇ ಬದಲಿಸಬಹುದೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಧೈರ್ಯವಾಗಿ ಬದಲಿಸಿ. ಸಾಮಾನ್ಯ ನಿಕ್ಕಲ್ ಪ್ಲಗ್ ಆಗಿದ್ದರೆ ಅದು ಇಷ್ಟು ಬಾಳಿದ್ದೇ ಹೆಚ್ಚು.

ಎಂಜಿನ್ ಮಾತ್ರ ಪೂರ್ತಿ ತಣಿದಿರಬೇಕು. ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಅಲ್ಯೂಮಿನಿಯಂನದು; ಬಿಸಿಯಲ್ಲಿ ಪ್ಲಗ್ ತಿರುಗಿಸಿದರೆ ಥ್ರೆಡ್ಡೇ ಕಿತ್ತು ಬರಬಹುದು. ಉಡುಪಿಯಲ್ಲಿ ಗ್ಯಾರೇಜು ಹಾಕಿದ ಮೊದಲ ವರ್ಷ, ಗಿರಾಕಿ ಕಾಯುತ್ತಿದ್ದಾರೆಂಬ ಅವಸರದಲ್ಲಿ ನಾನೊಂದು ಹೆಡ್ ಕೆಡಿಸಿದ್ದೇನೆ. ಅದನ್ನು ಬಿಚ್ಚಿ ಹೊಸ ಥ್ರೆಡ್ ಕೂರಿಸಲು ಎರಡು ದಿನ ಹಿಡಿಯಿತು. ಆ ಸಂಕಟ ನಿಮಗೆ ಬೇಡ.

ಕೀಲಿ ತೆಗೆದಿಟ್ಟು ಒಂದೊಂದೇ ಸಿಲಿಂಡರಿಗೆ ಕೈಹಾಕಿ. ಪ್ಲಗ್ಗಿನ ಮೇಲೆ ಕೂತು ಅದಕ್ಕೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್ ಎತ್ತಿದೊಡನೆ ಪ್ಲಗ್ ಬಿಚ್ಚಬೇಡಿ, ಮೊದಲು ಪ್ಲಗ್ ಕೂತ ಗುಳಿಯೊಳಗೆ ಟಾರ್ಚ್ ಬಿಡಿ. ನಮ್ಮ ಕರಾವಳಿಯ ಕಾರುಗಳ ಮಳೆಗಾಲದ ಕಾಯಿಲೆ ಎಷ್ಟೋ ಸಲ ಅಲ್ಲೇ ಕಂಡಿದೆ: ತಳದಲ್ಲಿ ಕಣ್ಣಚಹಾದ (ಹಾಲಿಲ್ಲದ ಚಹಾ) ಬಣ್ಣದ ನೀರು, ಪ್ಲಗ್ಗಿನ ಸೊಂಟಕ್ಕೆ ತುಕ್ಕಿನ ಉಂಗುರ. ಕಿಡಿ ತುದಿಗೆ ಹೋಗದೆ ತೇವದ ಜಾಡು ಹಿಡಿದು ಹೆಡ್ಡಿಗೆ ಹಾರಿಬಿಡುತ್ತದೆ. ನಡುಕಕ್ಕೆ ಅಷ್ಟು ಸಾಕು. ನೀರನ್ನು ಬಟ್ಟೆಯಿಂದ ಹೀರಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು ಒಣಗಿಸಿದ ಮೇಲೆಯೇ ಪ್ಲಗ್ ತೆಗೆಯಿರಿ. ಇಲ್ಲವಾದರೆ ಮರಳು, ತುಕ್ಕು ಎಲ್ಲ ಸಿಲಿಂಡರಿಗೆ ಬೀಳುತ್ತದೆ. ಕಾಯಿಲಿನ ರಬ್ಬರಿನಲ್ಲಿ ಕೂದಲೆಳೆಯಂಥ ಸುಟ್ಟ ಗೆರೆ ಕಂಡರೆ ಅದನ್ನೂ ಬದಲಿಸಿ.

ತೆಗೆದವನ್ನು ಹಳೆಯ ಪತ್ರಿಕೆಯ ಮೇಲೆ ಸಾಲಾಗಿಡಿ. ತುದಿ ತಿಳಿಗಂದು ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯವಾಗಿದೆ. ಎಣ್ಣೆಯಲ್ಲಿ ನೆನೆದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಹೊಸದನ್ನು ಕೂರಿಸುವುದೇ ನಾಜೂಕಿನ ಕೆಲಸ. ಪ್ಲಗ್ಗಿನ ತಲೆಗೆ ಗೇಣುದ್ದದ ಪೆಟ್ರೋಲ್ ಪೈಪು ಸಿಕ್ಕಿಸಿ, ಪೈಪನ್ನು ಬೆರಳಿನಲ್ಲಿ ಹೊಸೆಯುತ್ತಾ ಇಳಿಸಿ. ಓರೆಯಾಗಿ ಕಚ್ಚಿದರೆ ಪೈಪು ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ತಳ ಮುಟ್ಟಿದ ಮೇಲಷ್ಟೇ ಪಾನಾ ಹಿಡಿಯಿರಿ. 14 ಮಿ.ಮೀ. ಥ್ರೆಡ್ಡಿನ, ವಾಷರ್ ಇರುವ ಹೊಸ ಪ್ಲಗ್ಗಿಗೆ ಸಾಮಾನ್ಯವಾಗಿ ಇನ್ನು ಅರ್ಧ ಸುತ್ತು ಸಾಕು. ವಾಷರ್ ಇಲ್ಲದ, ಇಳಿಜಾರು ಕುತ್ತಿಗೆಯದಕ್ಕೆ ಸುತ್ತಿನ ಹದಿನಾರನೇ ಒಂದು ಭಾಗ. ಬಿಗಿತ ಅಳೆಯುವ ಟಾರ್ಕ್ ಪಾನಾ ಇದ್ದರೆ ಕಾರಿನ ಕೈಪಿಡಿಯ ಅಂಕಿಗೇ ಬಿಗಿಮಾಡಿ.

ಬಾನೆಟ್ ಮುಚ್ಚುವ ಮೊದಲು ಮುಂದಿನ ಗಾಜಿನ ಬುಡದ ಜಾಲರಿ ನೋಡಿ. ಹಲಸಿನೆಲೆ ಕೊಳೆತು ಅಲ್ಲಿನ ನೀರುಗಂಡಿ ಕಟ್ಟಿದ್ದರೆ, ಆಟಿ ತಿಂಗಳು (ತುಳುನಾಡಿನ ಜೋರು ಮಳೆಯ ತಿಂಗಳು) ಮುಗಿಯುವುದರೊಳಗೆ ಆ ಗುಳಿಗಳಲ್ಲಿ ಮತ್ತೆ ನೀರು ನಿಂತೀತು.